ದೊಡ್ಡವರ ತಂಡ

ಕಲ್ಮೇಶನಿಗೆ ದೊಡ್ಡವರ ಕ್ರಿಕೆಟ್ ತಂಡದಲ್ಲಿ ಒಂದು ಪಂದ್ಯ ಆಡಿದ ಅನುಭವವೂ ಇರಲಿಲ್ಲ. ಅಂದು ಬೆಳಿಗ್ಗೆ ಆಯ್ಕೆದಾರರು ಅವನನ್ನು ಕೈಬಿಟ್ಟಿದ್ದರು. ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಅವನೂ, ಹಳೆಯ ಪೈಲ್ವಾನನಾದ ಅವನ ಕಾಕಾ ಮಡಿವಾಳೆಪ್ಪನೂ ನನ್ನ ಪಕ್ಕದಲ್ಲೇ ಕುಳಿತಿದ್ದರು.

“ಎಲ್ಲಾರಕಿಂತ ಜೋರ ಬೌಲಿಂಗ್ ಮಾಡಿದ್ಯಲ್ಲೊ,” ಎಂದ ಕಾಕಾ.

“ಹುಡುಗೂರ ಟೀಮಿನ್ಯಾಗ ಆಡಿದ್ದು ಲೆಕ್ಕಕ್ಕಿಲ್ಲ ಅಂದ್ರು. ಹತ್ತೊಂಬತ್ತು ಮುಗೀತು, ಇನ್ನ ಅಲ್ಲೂ ಆಡಸೂದಿಲ್ಲ.”

“ಮತ್ತ ನಿನ್ನ ಜೋಡಿ ಹುಡುಗ ಆ ಬಾಳುನ್ನ ಹೆಂಗ ತಗೊಂಡ್ರು? ದೊಡ್ಡವರ ಕಡೆ ಬರೇ ಫೋರು, ಸಿಕ್ಸರು ಹೊಡಿಸ್ಕೊಂಡಾಂವ.”

“ಎರಡು ವರ್ಷ ಹೊಡಿಸ್ಕೊಂಡ ಕಲತಾನ್ರಿ. ಆವಾಗ ದೊಡ್ಡವರ ಟೀಮಿಗೆ ನನ್ನೂ ಕರದಿದ್ರು. ನೀವ ಬ್ಯಾಡ ಅಂದ್ರಿ.”

“ಮೈ ತುಂಬೂತನಕ ದೊಡ್ಡ ಕುಸ್ತಿಗೆ ಇಳೀಬಾರದು. ನಮ್ಮ ಗರಡಿಮನಿ ಪದ್ಧತಿ ಅದ.”

“ಬ್ಯಾಟ್ ಹಿಡದಾಂವ ಬಂದು ನನ್ನ ಎತ್ತಿ ಒಗೀತಿದ್ನೇನ್ರಿ?”

“ಹಾಲು, ಬದಾಮಿ ಯಾರಿಗೆ ತಿನಿಸೀನಿ ಹಂಗಾರ?”

“ತಿಂದೀನ್ರಿ. ಅದನ್ನ ಅವರು ಕೇಳಲಿಲ್ಲ.”

“ಮುಂದಿನ ವರ್ಷ ನೋಡೂಣಂತ ತಗೊ.”

“ಹ್ವಾದ ವರ್ಷಾನೂ ಇದನ್ನ ಅಂದಿದ್ರಿ.”

ರಾಮದುರ್ಗದ ಬಸ್ ಬಂತು. ಕಾಕಾ ಮುಂದಿನ ಬಾಗಿಲಿನಿಂದ ಹತ್ತಿದ, ಕಲ್ಮೇಶ ಹಿಂದಿನದರಿಂದ. ಕಲ್ಮೇಶನ ಕೈತಪ್ಪಿ ಹೋದದ್ದು ಎರಡು ವರ್ಷ, ತಂಡದಲ್ಲಿ ಒಂದು ಜಾಗ.