ಸುಂಕಪ್ಪನ ಸೆಮಿಸ್ಟರು

ಆ ಕದ ಮುಂದೆ ಮಾಡಿ ಹತ್ತಿರ ಕೂತುಕೋ… ಹಾಂ. ದನಿ ಎತ್ತಿ ಹೇಳುವ ಸಂಗತಿ ಅಲ್ಲ ಇದು. ನಮ್ಮ ಚಿಕ್ಕಪ್ಪ ಮಹಾಂತಯ್ಯನ ಮಗ ಮರಿಸ್ವಾಮಿಗೆ ಆದದ್ದು. ನಮ್ಮ ರಕ್ತದವನೇ. ಹಾಗಂತ ಅವನ ಹೊಲಸು ಮುಚ್ಚಿ ಹೇಳುವ ಪೈಕಿ ನಾನಲ್ಲ.

ಎಪ್ಪತ್ತೊಂಬತ್ತನೇ ಇಸವಿ, ಸಂಕ್ರಾಂತಿಗೆ ಇನ್ನೂ ಒಂದು ವಾರ ಇತ್ತು. ಮರಿಸ್ವಾಮಿ ಇಂಗ್ಲೆಂಡಿನಿಂದ ವಾಪಸ್ ಬಂದ ರಾತ್ರಿ ಅದು. ಅಲ್ಲಿನ ಒಂದು ಕಾಲೇಜಿನಲ್ಲಿ ಒಂದು ಸೆಮಿಸ್ಟರು ಇಂಗ್ಲಿಷ್ ಸಾಹಿತ್ಯ ಓದಿ ಬಂದಿದ್ದ. ಕಾಲೇಜಿನ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ಬಿಡು. ಮುಂಬಯಿಯಿಂದ ರೈಲಿನಲ್ಲಿ ರಾಯಚೂರು, ರಾಯಚೂರಿನಿಂದ ಬಸ್ಸಿನಲ್ಲಿ ಮಾನ್ವಿ, ಅಲ್ಲಿಂದ ಚೀಕಲಪರ್ವಿ ಕಡೆಯ ಕಡೇ ಬಸ್ಸು. ನಮ್ಮೂರ ಕ್ರಾಸಿನಲ್ಲಿ ಇಳಿದಾಗ ಹತ್ತೂವರೆ. ಬರುವ ದಿನ ಮನೆಗೆ ತಿಳಿಸಿರಲಿಲ್ಲ, ಹಾಗಾಗಿ ಕರೆದೊಯ್ಯಲು ಯಾರೂ ಬಂದಿರಲಿಲ್ಲ.

ಅಲ್ಲಿಂದ ಊರು ಎರಡು ಮೈಲಿ, ಕಾಲುವೆ ದಂಡೆಗುಂಟ. ಕೈಯಲ್ಲಿ ಪುಸ್ತಕ ತುಂಬಿದ ತಗಡಿನ ಟ್ರಂಕು. ಹತ್ತು ಹೆಜ್ಜೆಗೊಮ್ಮೆ ಇಳಿಸುತ್ತ, ಕೈ ಬದಲಿಸುತ್ತ ನಡೆದ. ತೂಬಿನಲ್ಲಿ ನೀರು… ಗುಳು… ಗುಳು… ಆಲದ ಮರದ ಹತ್ತಿರ ಬಂದ. ಸದ್ದು ನಿಂತಿತು. ನೀರು ಹರಿಯುತ್ತಲೇ ಇತ್ತು ನೋಡು, ಸದ್ದು ಮಾತ್ರ ನಿಂತಿತು. ಮರದ ಬುಡದಲ್ಲಿ ಯಾರೋ ಟವೆಲ್ಲು ಝಾಡಿಸಿದರು. ಫಟ್… ಫಟ್. ಹಮಾಲರು ಹೊರೆ ಹೊರುವ ಮುಂಚೆ ಟವೆಲ್ಲು ಝಾಡಿಸಿ ತಲೆಗೆ ಸಿಂಬಿ ಸುತ್ತಿಕೊಳ್ಳುತ್ತಾರಲ್ಲ, ಆ ಸದ್ದು.

"ಸಣ್ಣ ಸಾವ್ಕಾರ್ರ… ತರ್ರಿ ಇಲ್ಲಿ, ನಾ ಹೊರ್ತೀನಿ."

"ಯಾರು? ಸುಂಕ್ಯಾ?"

"ಹೂಂ ರೀ."

"ಇಷ್ಟೊತ್ತಿನ್ಯಾಗ ಇಲ್ಲೇನ್ ಮಾಡಾಕತ್ತೀಯೋ?"

"ನಿಮ್ಮ ದಾರಿ ನೋಡಾಕತ್ತಿದ್ದೆ."

ಈ ಸುಂಕಪ್ಪ ಯಾರು ಅಂತ ಮೊದಲು ಹೇಳಬೇಕು. ಕೇರಿಯ ಯಮನಮ್ಮನ ಒಬ್ಬನೇ ಮಗ. ಅವಳು ನಮ್ಮ ಚಿಕ್ಕಪ್ಪನ ಅಕ್ಕಿ ಮಿಲ್ಲಿನಲ್ಲಿ ನುಚ್ಚು ಕೇರುವವಳು, ಮಗ ರಜೆಯಲ್ಲಿ ಅದೇ ಮಿಲ್ಲಿನಲ್ಲಿ ಚೀಲ ಹೊತ್ತು ಓದಿದವನು. ಮರಿಸ್ವಾಮಿ ಮತ್ತು ಅವನು ಗುಲಬರ್ಗಾದಲ್ಲಿ ಒಟ್ಟಿಗೆ ಇಂಗ್ಲಿಷ್ ಎಂ.ಎ. ಮಾಡಿದರು. ಅಲ್ಲಿ 'ಲೇ ಮರಿಸ್ವಾಮಿ', 'ಲೇ ಸುಂಕ್ಯಾ'. ಊರಿಗೆ ಬಂದರೆ ಇವನು ಸಣ್ಣ ಸಾವ್ಕಾರ, ಅವನು ಮಿಲ್ಲಿನ ಆಳು.

ಒಬ್ಬ ಹುಡುಗನನ್ನು ಒಂದು ಸೆಮಿಸ್ಟರಿಗೆ ನಮ್ಮ ಖರ್ಚಿನಲ್ಲೇ ಕರೆಸಿಕೊಳ್ಳುತ್ತೇವೆ, ಪ್ರಬಂಧ ಬರೆದು ಕಳಿಸಿ ಎಂದು ಆ ಇಂಗ್ಲೆಂಡಿನ ಕಾಲೇಜಿನವರು ಹೇಳಿಕಳಿಸಿದ್ದರು. ಇಬ್ಬರೂ ಬರೆದು ಕಳಿಸಿದರು. ಸುಂಕಪ್ಪನದು ಆಯ್ಕೆಯಾಯಿತು. ಕಾಗದ ಊರಿಗೇ ಬಂತು. ಆದರೆ ನಮ್ಮೂರ ಟಪಾಲಿನವನು ಕೇರಿಯೊಳಗೆ ಕಾಲಿಡುತ್ತಿರಲಿಲ್ಲ. ಕೇರಿಯವರ ಟಪಾಲನ್ನು ಮಿಲ್ಲಿನ ಗೋಡೆಯ ಗೂಡಿನಲ್ಲಿ ತುರುಕಿ ಹೋಗುತ್ತಿದ್ದ, ಕೂಲಿಗೆ ಬಂದವರು ತೆಗೆದುಕೊಳ್ಳುತ್ತಿದ್ದರು. ಆ ದಿನ ಗೂಡಿಗೆ ಕೈ ಹಾಕಿದವನು ಮರಿಸ್ವಾಮಿ.

ಇಪ್ಪತ್ತು ದಿನದೊಳಗೆ ಒಪ್ಪಿಗೆ ಬರದಿದ್ದರೆ ಜಾಗ ಎರಡನೆಯವನಿಗೆ ಎಂದು ಅದರಲ್ಲಿ ಬರೆದಿತ್ತು. ಎರಡನೆಯವನು ಇವನೇ. ಇಪ್ಪತ್ತು ದಿನವೂ ಸುಂಕಪ್ಪ ಮಿಲ್ಲಿಗೆ ಬಂದು, ಟವೆಲ್ಲು ಕೈಯಲ್ಲಿ ಹಿಡಿದು ನಿಂತು ಕೇಳಿದ. "ಕಾಗದ ಬಂತೇನ್ರಿ?" ಇಪ್ಪತ್ತು ದಿನವೂ ಮರಿಸ್ವಾಮಿ ಮುಖಕ್ಕೆ ಮುಖ ಕೊಟ್ಟು "ಇಲ್ಲೋ" ಅಂದ. ನೋಡು, ಒಂದು ಸಲ ಸುಳ್ಳು ಹೇಳುವುದು ಬೇರೆ. ಇಪ್ಪತ್ತು ಸಲ ಹೇಳಬೇಕಾದರೆ ಒಳಗೆ ಏನೋ ಒಣಗಿರಬೇಕು.

ಆ ಕಾಗದವನ್ನು ಸುಟ್ಟಾದರೂ ಹಾಕಿದನಾ? ಇಲ್ಲ. ಅದರಲ್ಲಿ ಒಂದು ಮಾತಿತ್ತು: 'ನೀವು ಬರೆದಂಥದ್ದನ್ನು ನಾವು ಬಹಳ ವರ್ಷಗಳಿಂದ ಓದಿರಲಿಲ್ಲ.' ಅದನ್ನು ತನಗೇ ಬರೆದದ್ದು ಅಂದುಕೊಂಡು ಕದ್ದು ಕದ್ದು ಓದುವುದು ಅವನಿಗೆ ಚಟವಾಗಿತ್ತು. ಟ್ರಂಕಿನ ತಳಕ್ಕೆ ಹಾಸಿದ ಪೇಪರಿನ ಕೆಳಗೆ ಇಟ್ಟುಕೊಂಡ. ಹೊರಡುವ ದಿನ ಆ ಟ್ರಂಕನ್ನು ಕ್ರಾಸಿನವರೆಗೆ ತಲೆಯ ಮೇಲೆ ಹೊತ್ತು ಬಂದವನು ಯಾರು ಅಂತೀ? ಸುಂಕಪ್ಪನೇ. ತನ್ನ ಕಾಗದ ತಾನೇ ಹೊತ್ತ. ಬಸ್ಸು ಬಂದಾಗ, "ಅಲ್ಲಿ ಹೇಳಿದ್ದೆಲ್ಲಾ ಬರಕೊಂಡು ಬರ್ರಿ, ಬಂದ ಮ್ಯಾಲ ನನಗೂ ಹೇಳ್ರಿ" ಅಂದ. ಮರಿಸ್ವಾಮಿ ನಗುತ್ತ, "ಒಂದೂ ಬಿಡದಂಗ ಹೇಳ್ತೀನಿ" ಅಂದ.

ಈಗ ಅದೇ ಟ್ರಂಕು ಮತ್ತೆ ಅದೇ ತಲೆಯ ಮೇಲೆ. ಕೊಂಡಿ ಸಡಿಲಾಗಿತ್ತು. ಕಟ್… ಕಟ್… ಅಷ್ಟೇ ಸದ್ದು. ಹೆಜ್ಜೆಯ ಸದ್ದಿಲ್ಲ, ಉಸಿರಿನದೂ ಇಲ್ಲ.

"ಎಷ್ಟ್ ವಾರದ ಪಾಠ ಆದ್ವು ರೀ?"

"ಹನ್ನೆರಡು."

"ಬರಕೊಂಡೀರಿ?"

"ಹೂಂ."

"ನಾಳಿಂದ ಸುರು ಮಾಡೋಣ್ರಿ. ರಾತ್ರಿಗೊಂದು ವಾರದ್ದು."

ಮನೆ ಮುಂದೆ ಟ್ರಂಕು ಇಳಿಯಿತು. ಮರಿಸ್ವಾಮಿ ಕದ ಬಡಿದ. ನಮ್ಮ ಚಿಗವ್ವ ಚನ್ನಮಲ್ಲಮ್ಮ ಕಂದೀಲು ಹಿಡಿದು ಬಂದಳು, ಮಗನ ಗಲ್ಲ ಸವರಿದಳು. "ಇಷ್ಟು ಭಾರದ್ದು ಹೆಂಗ್ ತಂದ್ಯೋ ಯಪ್ಪಾ?"

"ಸುಂಕ್ಯಾ ಹೊತ್ಕೊಂಡು ಬಂದ."

ಅವಳು ಕಂದೀಲು ಎತ್ತಿ ಮಗನ ಹಿಂದಿನ ಕತ್ತಲೆಗೆ ಹಿಡಿದಳು. "ಸುಂಕ್ಯಾ ದೀಪಾವಳಿ ಮುಂದ ಸತ್ತಾನಪ್ಪಾ. ಚೀಲದ ನಿಟ್ಟು ಮೈಮ್ಯಾಲ ಬಿತ್ತು. ನೀ ಓದಾಕತ್ತೀದಿ ಅಂತ ನಿನಗ ತಿಳಿಸಲಿಲ್ಲ."

ಮಿಲ್ಲಿನಲ್ಲಿ ಒಂದರ ಮೇಲೊಂದು ಪೇರಿಸಿದ ನೂರು ಚೀಲದ ನಿಟ್ಟು ಕುಸಿದು ಸತ್ತಿದ್ದ ಅವನು. ಕುಡಿದಿದ್ದ ಅಂತ ಚಿಕ್ಕಪ್ಪ ಊರಿಗೆ ಸುದ್ದಿ ಹಬ್ಬಿಸಿದ. ಯಮನಮ್ಮನಿಗೆ ಒಂದು ಚೀಲ ನುಚ್ಚು ಕೊಟ್ಟು ಕೈ ತೊಳೆದುಕೊಂಡ. ಆ ಹುಡುಗ ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ.

ಮರುದಿನ ರಾತ್ರಿ ಮರಿಸ್ವಾಮಿ ಮಾಳಿಗೆಯ ಮೇಲಿನ ಕೋಣೆಯಲ್ಲಿ ಅಗಳಿ ಹಾಕಿ ಮಲಗಿದ. ಹನ್ನೆರಡು ದಾಟಿರಬೇಕು. ಟ್ರಂಕಿನ ಮುಚ್ಚಳದ ಮೇಲೆ ಬೆರಳು ಬಡಿದ ಸದ್ದು. ಟಕ್… ಟಕಟಕ್… ಟಕ್… ಇಂಗ್ಲೆಂಡಿನ ಮೇಷ್ಟ್ರು ಪದ್ಯ ಓದುವಾಗ ಮೇಜಿನ ಮೇಲೆ ಹೀಗೇ ತಾಳ ಹಾಕುತ್ತಿದ್ದರಂತೆ. ಟ್ರಂಕಿನ ಮೇಲೆ ಯಾರೋ ಕೂತಿದ್ದರು.

"ಲೇ ಮರಿಸ್ವಾಮಿ… ಸುರು ಮಾಡು."

ಸಾವ್ಕಾರ್ರ ಹೋಗಿತ್ತು, ರೀ ಹೋಗಿತ್ತು. ಮರಿಸ್ವಾಮಿ ಕಂಬಳಿಯೊಳಗಿಂದಲೇ ಮೊದಲ ವಾರದ ಪಾಠ ಹೇಳಿದ. ಕೋಳಿ ಕೂಗುವ ಹೊತ್ತಿಗೆ ಸದ್ದಡಗಿತು. ಬೆಳಗ್ಗೆ ನೋಟ್‌ಬುಕ್ಕು ತೆರೆದ. ಅಕ್ಷರ ಅವನದೇ, ಮಸಿ ಅವನದೇ. ಆದರೆ ಮೊದಲ ವಾರದ ಹಾಳೆಗಳಲ್ಲಿ ಏನು ಬರೆದಿದೆ ಅಂತ ಅವನಿಗೆ ತಿಳಿಯಲಿಲ್ಲ. ಎರಡನೇ ವಾರದ್ದು ತಿಳಿಯುತ್ತಿತ್ತು. ಮರುದಿನ ಅದೂ ಹೋಯಿತು. ಹೇಳಿದ್ದೆಲ್ಲ ಹೋಗುತ್ತಿತ್ತು.

ಅವನ ಎದೆ ಒಡೆಯಿತು. ಯಾಕಂದರೆ ರಾಯಚೂರಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್ ಕೆಲಸ ಅವನಿಗೆ ಕಾದಿತ್ತು. ಇಂಗ್ಲೆಂಡಿನಲ್ಲಿ ಓದಿದ ಹುಡುಗ ಅಂತಲೇ ಕೊಟ್ಟಿದ್ದರು. ಇನ್ನು ಎರಡು ವಾರಕ್ಕೆ ಸೇರಬೇಕು. ಅದಕ್ಕಾಗಿಯೇ ಅಲ್ಲವೇ ಕದ್ದದ್ದು? ಕದ್ದದ್ದು ಈಗ ಕಣ್ಣೆದುರೇ ಕರಗುತ್ತಿತ್ತು.

ಮೂರನೇ ರಾತ್ರಿ ಜಾಣತನ ಮಾಡಿದ. ಪಾಠದ ಬದಲು ಬಾಯಿಗೆ ಬಂದದ್ದು ಹೇಳಿದ. ತಾಳ ನಿಂತಿತು… ತಣ್ಣನೆಯ ಒಂದು ಬೆರಳು ಅವನ ಹಣೆಯ ಮೇಲೆ ಬಂತು. ಟಕ್.

"ಇದು ಅವ್ರು ಹೇಳಿದ್ದಲ್ಲ."

ನಾಲ್ಕನೇ ದಿನ ಚಂದ್ರಬಂಡದ ಸೋದರಮಾವನ ಮನೆಗೆ ಓಡಿದ, ಟ್ರಂಕು ಊರಲ್ಲೇ ಬಿಟ್ಟು. ಅಲ್ಲಿ ಜೋಳ ತುಂಬಿಡುವ ಹಗೇವಿನ ಮುಚ್ಚಳದ ಮೇಲೆ ತಾಳ ಬಿತ್ತು. ವಾಪಸ್ ಬಂದ. ಹತ್ತನೆಯ ದಿನ ತಾಯಿಯ ಮುಂದೆ ಎಲ್ಲವನ್ನೂ ಕಕ್ಕಿದ. ಕಾಗದ ಕದ್ದದ್ದು, ಮುಚ್ಚಿಟ್ಟದ್ದು. ನಮ್ಮ ಚಿಗವ್ವ ಬೆಚ್ಚಿಬೀಳುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದ. ಅವಳು ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ.

"ಅಷ್ಟ ಹೌದಲ್ಲೋ? ಒಲಿಗೆ ಹಾಕು ಅದನ್ನ. ಕಾಗದಿಲ್ಲ ಅಂದ್ರ ಯಾರ್ ಕೇಳ್ತಾರ?"

ಒಲೆಯ ಬಾಯಿಗೆ ಕಾಗದ ಹಿಡಿದ. ಬೆರಳು ಬಿಚ್ಚಲಿಲ್ಲ. ತಾಯಿ ಬಂದು ಒಂದೊಂದೇ ಬೆರಳು ಬಿಡಿಸಲು ನೋಡಿದಳು. ಅವಳ ಕೈ ಸುಟ್ಟಿತು, ಕಾಗದ ಸುಡಲಿಲ್ಲ.

ಹನ್ನೆರಡನೇ ರಾತ್ರಿ. ಕಡೆಯ ವಾರದ ಪಾಠವೂ ಮುಗಿಯಿತು. ಮರಿಸ್ವಾಮಿ ಕಾಯುತ್ತಿದ್ದ. ಹೋಗುತ್ತಾನೆ, ಇನ್ನು ಹೋಗುತ್ತಾನೆ… ಇಂಗ್ಲೆಂಡಿನದು ಹೋದರೆ ಹೋಗಲಿ, ಎಂ.ಎ. ಓದಿದ್ದಾದರೂ ತಲೆಯಲ್ಲಿ ಇದೆಯಲ್ಲ, ಅದರಲ್ಲೇ ಕೆಲಸ ಸಾಗಿಸಿದರಾಯಿತು ಅಂತ ಒಳಗೇ ಲೆಕ್ಕ ಹಾಕಿದ್ದ.

"ಮುಗೀತಲ್ಲ… ಇನ್ನ ನನ್ನ ಕಾಗದ ಓದು."

ಓದಿದ. ಆ ಮಾತೂ ಬಂತು, ಬಹಳ ವರ್ಷಗಳಿಂದ ಓದಿರಲಿಲ್ಲ ಅನ್ನುವುದು.

"ಇನ್ನೊಮ್ಮಿ."

ಓದಿದ.

"ಇನ್ನೊಮ್ಮಿ."

ಬೆಳಕು ಹರಿಯುವವರೆಗೆ ಓದಿಸಿದ. ಎಷ್ಟು ಸಲ ಅಂತ ಕೇಳಿದರೆ ಮರಿಸ್ವಾಮಿ ಇವತ್ತಿಗೂ ಕಿವಿ ಮುಚ್ಚಿಕೊಳ್ಳುತ್ತಾನೆ. ಕಡೆಗೆ ಒಂದೇ ಮಾತು ಬಂತು. "ನಮ್ಮವ್ವಗ ಕೊಟ್ಟು ಬಾ."

ಹುಟ್ಟಿದಾಗಿನಿಂದ ಮೊದಲ ಸಲ ಮರಿಸ್ವಾಮಿ ಕೇರಿಯೊಳಗೆ ಹೋದ. ಯಮನಮ್ಮ ಗುಡಿಸಲ ಮುಂದೆ ಮೊರದಲ್ಲಿ ನುಚ್ಚು ಹಾಕಿಕೊಂಡು ಹಳ್ಳು ಆರಿಸುತ್ತಿದ್ದಳು. ಕಲ್ಲು ತಾಟಿಗೆ ಬೀಳುತ್ತಿತ್ತು. ಟಿಕ್… ಟಿಕ್… ಅವನು ನಿಂತುಕೊಂಡೇ ಎಲ್ಲ ಹೇಳಿದ. ಅವಳು ತಲೆ ಎತ್ತಲಿಲ್ಲ, ಕಣ್ಣೀರು ಹಾಕಲಿಲ್ಲ.

"ಓದಿ ಹೇಳು. ಏನ್ ಬರದಾರ?"

ಬಿಚ್ಚಿದ. ರಾತ್ರಿಯೆಲ್ಲ ಓದಿದ ಕಾಗದ. ಅದರಲ್ಲಿ ಒಂದಕ್ಷರ ಅವನಿಗೆ ಹತ್ತಲಿಲ್ಲ. ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದ. ಎ ಯಾವುದು ಬಿ ಯಾವುದು ಅಂತ ಸಹ ಗೊತ್ತಾಗಲಿಲ್ಲ. ಬೆವರು ಕಾಗದದ ಮೇಲೆ ತೊಟ್ಟಿಕ್ಕಿತು.

"ಬರಂಗಿಲ್ಲೇನು?" ಅಂದಳು ಯಮನಮ್ಮ. "ಇಡು ಅಲ್ಲಿ. ರಾತ್ರಿ ಅಂವ ಬರ್ತಾನ, ಓದಿ ಹೇಳ್ತಾನ."

"ಯಾರು… ಬರ್ತಾರ?"

"ದಿನಾ ಬಂದು ಹೇಳ್ತಾನ. ಅಲ್ಲಿ ಮಾಸ್ತರಗ ಎಡಗಣ್ಣು ಕಾಣಂಗಿಲ್ಲಂತ, ಪುಸ್ತಕ ಮೂಗಿಗೆ ಹಚ್ಚಿ ಓದ್ತಾನಂತ. ಪಾಪ." ಆ ಕಣ್ಣಿನ ಸಂಗತಿ ಮರಿಸ್ವಾಮಿ ಯಾರಿಗೂ ಹೇಳಿರಲಿಲ್ಲ, ರಾತ್ರಿಯ ಪಾಠದಲ್ಲೂ ಸಹ. ಆಮೇಲೆ ಮೊದಲ ಸಲ ಅವನ ಮುಖ ನೋಡಿದಳು. ನಕ್ಕಳು. "ನೀ ರಾಯಚೂರಿಗೆ ಹೋಗಾಂವಲ್ಲೇನಪ್ಪಾ? ಹೋಗು. ಮಕ್ಕಳು ಕಾಯಾಕತ್ತಿರ್ತಾರ. ಚಲೋತ್ನಾಗಿ ಕಲಸು."

ಹೋದ. ಹೋಗದೇ ಇದ್ದರೆ ಅಪ್ಪ ಬಿಡುತ್ತಿರಲಿಲ್ಲ. ಮೊದಲ ದಿನ, ಮೊದಲ ಕ್ಲಾಸು. ಅರವತ್ತು ಹುಡುಗರು. ನಿಮ್ಮ ಹೆಸರು ಬೋರ್ಡಿನ ಮೇಲೆ ಬರೀರಿ ಸಾರ್ ಅಂದ ಒಬ್ಬ. ಸುಣ್ಣದ ಕಡ್ಡಿ ಹಿಡಿದು ಬೋರ್ಡಿನ ಕಡೆ ತಿರುಗಿದವನು ಗಂಟೆ ಹೊಡೆಯುವವರೆಗೆ ಹಾಗೇ ನಿಂತ. ಮೊದಲು ಪಿಸುಪಿಸು, ಆಮೇಲೆ ನಗು, ಆಮೇಲೆ ಡೆಸ್ಕು ಬಡಿತ. ಡೆಸ್ಕು ಬಡಿದ ಸದ್ದಿಗೆ ಅಲ್ಲೇ ಉಚ್ಚೆ ಹೊಯ್ದುಕೊಂಡ. ನನಗೆ ಅಯ್ಯೋ ಅನ್ನಿಸಿತಾ ಅಂತ ಕೇಳಬೇಡ. ಅನ್ನಿಸಲಿಲ್ಲ. ಈಗ ಮನೆಯಲ್ಲಿ ಕೂತಿರುತ್ತಾನೆ. ಬಸ್ಸಿನ ಮೇಲಿನ ಇಂಗ್ಲಿಷ್ ನಂಬರು ಸಹ ಬೇರೆಯವರು ಓದಿ ಹೇಳಬೇಕು.

ಇದೆಲ್ಲ ಹೆದರಿದವನ ತಲೆಯ ಆಟ ಅಂತ ನೀನು ಅನ್ನಬಹುದು. ನಾನೂ ಅಂದಿದ್ದೆ, ಶಿವರಾತ್ರಿವರೆಗೆ.

ಶಿವರಾತ್ರಿಯ ಮಾರನೆಯ ದಿನ ಆ ಇಂಗ್ಲೆಂಡಿನ ಕಾಲೇಜಿನಿಂದ ಒಂದು ಪಾರ್ಸಲ್ಲು ಬಂತು. ಮೇಲೆ ಸುಂಕಪ್ಪನ ಹೆಸರು. ನಾನೇ ಒಯ್ದು ಯಮನಮ್ಮನ ಮುಂದೆ ಬಿಚ್ಚಿದೆ. ಒಳಗೆ ಒಂದು ಚೀಟಿ, ಪೇಪರಿನಲ್ಲಿ ಸುತ್ತಿದ ಒಂದು ಗಂಟು. ಚೀಟಿಯನ್ನು ಮಾನ್ವಿಗೆ ಒಯ್ದು ಹೈಸ್ಕೂಲಿನ ಅಯ್ಯಣ್ಣ ಮಾಸ್ತರರ ಕೈಯಲ್ಲಿ ಓದಿಸಿದೆವು. ಅವರು ಎರಡು ಸಲ ಓದಿಕೊಂಡು ಹೇಳಿದರು: 'ಡಿಸೆಂಬರಿನಲ್ಲಿ ಕಡೆಯ ತರಗತಿ ಮುಗಿದ ಮೇಲೆ ನಿಮ್ಮ ಚಪ್ಪಲಿಗಳು ಬಾಗಿಲ ಹೊರಗೆ ಉಳಿದಿದ್ದವು. ಹಿಮದಲ್ಲಿ ಬರಿಗಾಲಲ್ಲಿ ಹೋದಿರೇನೋ ಎಂದು ಚಿಂತೆಯಾಯಿತು.'

ಗಂಟಿನಲ್ಲಿ ಟೈರಿನ ಅಟ್ಟೆಯ ಒಂದು ಜೊತೆ ಚಪ್ಪಲಿ. ಎಡಗಾಲಿನ ಉಂಗುಟಕ್ಕೆ ಹಸಿರು ಸೀರೆಯ ಅಂಚು ಹಾಕಿ ಹೊಲಿದಿತ್ತು. ಯಮನಮ್ಮ ತನ್ನ ಸೀರೆ ಹರಿದು ತಾನೇ ಹೊಲಿದದ್ದು. ದೀಪಾವಳಿಗೆ ಮುಂಚೆ ಮಗನ ಜೊತೆ ಕುಣಿಯೊಳಗೆ ಇಟ್ಟು ಮಣ್ಣು ಎಳೆದದ್ದು, ಇಡೀ ಕೇರಿ ನೋಡಿದ್ದು. ನಾನು ಕೈಯಾರೆ ಎತ್ತಿ ನೋಡಿದೆನಪ್ಪಾ, ಸುಳ್ಳು ಹೇಳಿ ನನಗೇನು ಬರಬೇಕು? ಅಟ್ಟೆಗೆ ನಮ್ಮೂರ ಕರಿ ಮಣ್ಣು ಮೆತ್ತಿತ್ತು. ಇನ್ನೂ ಹಸಿಯಾಗಿತ್ತು.