ಟ್ಯಾಂಕಿನೊಳಗೆ ಹಾಡಿದವಳು

ಹತ್ತಿರ ಬನ್ನಿ, ಇದನ್ನು ಜೋರಾಗಿ ಹೇಳುವ ಹಾಗಿಲ್ಲ. ಗೊಸೆಗೊ ನಮ್ಮ ಪಕ್ಕದ ಮನೆಯವಳು. ತಮಾಷೆಗೂ ಸುಳ್ಳು ಹೇಳಿದವಳಲ್ಲ. ಅವಳಿಗೆ ಆದದ್ದು ಇದು.

ಚಳಿಗಾಲದ ರಾತ್ರಿ, ನಮ್ಮ ಕಡೆ ಚಳಿ ಬೀಳುವುದು ಜೂನ್ ಜುಲೈಯಲ್ಲಿ. ನಮ್ಮೂರು ಮಹಾಲಾಪ್ಯೆಯ ಹೆದ್ದಾರಿ ಪಕ್ಕದಲ್ಲಿ ಕೊನೆಯ ಬಸ್ಸಿನವರಿಗೆ ಬಿಸಿ ಬಿಸಿ ಮಗ್ವಿನ್ಯಾ ಹಿಟ್ಟಿನುಂಡೆ ಕರಿದು ಕೊಟ್ಟು, ಒಲೆ ಆರಿಸಿ, ಎಣ್ಣೆ ಬಾಣಲೆ ತೊಳೆದು ಗೊಸೆಗೊ ಮನೆಗೆ ಹೊರಟಿದ್ದಳು. ದಾರಿ ನದಿಯ ಮೇಲೆಯೇ. ನಮ್ಮ ನದಿಯಲ್ಲಿ ನೀರು ಕಾಣುವುದು ಮಳೆ ಬಿದ್ದ ಒಂದೆರಡು ದಿನ ಮಾತ್ರ, ಉಳಿದಂತೆ ಬರೀ ಮರಳು. ದನ, ಕತ್ತೆ, ಮನುಷ್ಯರು ಎಲ್ಲರೂ ಅದರ ಮೇಲೇ ಓಡಾಡುತ್ತೇವೆ. ನಡುನದಿಯಲ್ಲಿ ಮರಳು ತೋಡಿ ಮಾಡಿದ ಬಾವಿ, ದನ ಬೀಳದಿರಲಿ ಅಂತ ಸುತ್ತ ಮುಳ್ಳಿನ ಕೊಂಬೆ. ಆಚೆ ದಂಡೆಯಲ್ಲಿ ಒಂದು ಮುದಿ ಮೊರುಲಾ ಮರ.

ಬಾವಿ ದಾಟಿದಳು. ಹಿಂದೆ ಸದ್ದು...

ಕರ್ರ್... ಬೂಟು ಮರಳಿಗೆ ಇಳಿಯುವ ಸದ್ದು. ಸ್ಸರ್... ಇನ್ನೊಂದು ಕಾಲು ಎಳೆದುಕೊಳ್ಳುವ ಸದ್ದು. ಚಿಣ್... ಸೊಂಟದ ಸರಪಳಿ ತೊಡೆಗೆ ಬಡಿಯುವ ಸದ್ದು.

ಸರಪಳಿ ಸದ್ದಿಗೆ ನಮ್ಮೂರಲ್ಲಿ ಯಾರೂ ಹೆದರುವುದಿಲ್ಲ. ಅದು ಮೆಟಲ್ ಸಂಗೀತದ ಹುಚ್ಚಿನವರದು ಅಂತ ಮಕ್ಕಳಿಗೂ ಗೊತ್ತು. ಉರಿಬಿಸಿಲಲ್ಲೂ ಕರಿ ಚರ್ಮದ ಜಾಕೆಟ್ಟು, ಕೌಬಾಯ್ ಟೋಪಿ, ಮೊಳೆ ಹೊಡೆದ ಬೂಟು. ನೋಡಿದರೆ ಕೊಲೆಗಾರರು, ಮಾತಾಡಿಸಿದರೆ ಮುದುಕಿಯರಿಗೆ ಸೌದೆ ಹೊತ್ತುಕೊಡುವವರು. ಗೊಸೆಗೊ ಕೂಡ ಆ ಪಂಗಡದವಳೇ, ಈಗಲೂ ಭಾನುವಾರ ಜಾಕೆಟ್ಟು ಹಾಕುತ್ತಾಳೆ. ಹಾಗಾಗಿ ಹೆದರಲಿಲ್ಲ. ಆದರೆ ಆ ಎಳೆಯುವ ಕಾಲು... ರೈಲ್ವೆ ಯಾರ್ಡಿನಲ್ಲಿ ಕಾಲ್ಬೆರಳು ಜಜ್ಜಿಕೊಂಡು ಹಾಗೆ ಕಾಲೆಳೆಯುತ್ತಿದ್ದವನು ಒಬ್ಬನೇ. ಒಟೆಂಗ್.

ಒಟೆಂಗ್ ಸತ್ತಿದ್ದ. ಅವನ ಗುಂಡಿಗೆ ಮಣ್ಣು ಹಾಕಿದವರಲ್ಲಿ ಅವಳೂ ಒಬ್ಬಳು.

ಇಲ್ಲಿ ಒಂದಿಷ್ಟು ಹಿಂದಿನದು ಹೇಳಬೇಕು, ಇಲ್ಲದಿದ್ದರೆ ಅವನು ಯಾಕೆ ಬಂದ ಅಂತ ತಿಳಿಯುವುದಿಲ್ಲ.

ಹರೆಯದಲ್ಲಿ ಮೂವರು ಒಂದು ಬ್ಯಾಂಡು ಕಟ್ಟಿದ್ದರು. ಗೊಸೆಗೊ, ಒಟೆಂಗ್, ಮೊದಿರಿ. ಬ್ಯಾಂಡಿನ ಹೆಸರು ತುಕ್ಕುನೀರು. ರೈಲ್ವೆ ಯಾರ್ಡಿನಲ್ಲಿ ಹಬೆ ಎಂಜಿನ್ ಕಾಲದ ನೀರಿನ ಟ್ಯಾಂಕು ಖಾಲಿ ಬಿದ್ದಿತ್ತು. ಒಂದು ಚಳಿಗಾಲ ಮೂವರೂ ಅದರೊಳಗೆ ನುಸುಳಿ, ಮೇಷ್ಟ್ರೊಬ್ಬರ ರೆಕಾರ್ಡಿಂಗ್ ಯಂತ್ರವನ್ನು ಕಾಡಿಬೇಡಿ ತಂದು, ಲಾರಿ ಬ್ಯಾಟರಿಗೆ ತಗುಲಿಸಿ ಹಾಡಿದರು. ಒಟೆಂಗ್ ಕಂಬಿಯ ತುಂಡು, ಎಣ್ಣೆ ಪೀಪಾಯಿ ಬಡಿದ. ಮೊದಿರಿ ಗಿಟಾರಿನಿಂದ ಗರಗಸದಂಥ ಸದ್ದು ತೆಗೆದ. ಗೊಸೆಗೊ ಹಾಡಿದಳು. ಹಾಡಿದಳು ಅಂದರೆ... ಅವಳ ತಾತ ಸಂಜೆ ಹೊತ್ತು ದನ ಕರೆಯುತ್ತಿದ್ದ ಕೂಗಿತ್ತಲ್ಲ, ಅದನ್ನೇ ಹೊಟ್ಟೆಯಿಂದ ಎತ್ತಿ, ಎಳೆದೂ ಎಳೆದೂ ಕೊನೆಗೆ ಗರ್ಜನೆ ಮಾಡಿಬಿಟ್ಟಳು. ಟ್ಯಾಂಕು ಅದನ್ನು ಹತ್ತು ಪಟ್ಟು ಮಾಡಿ ವಾಪಸು ಕೊಟ್ಟಿತು. ಹೊರಗೆ ಕಟ್ಟಿದ್ದ ಕತ್ತೆ ಹಗ್ಗ ಕಿತ್ತುಕೊಂಡು ಓಡಿತು. ಅಂಥ ದನಿ.

ಕ್ಯಾಸೆಟ್ಟಿಗೆ ಪ್ರತಿ ಮಾಡಿ ಹಂಚಿದರು. ರೇಡಿಯೋದವರು ವಾಪಸು ಕಳಿಸಿದರು. ಪಾದ್ರಿಗಳು ಪ್ರಾರ್ಥನೆ ಮಾಡಿಸಿದರು. ಪುಕ್ಕಟೆ ಕೊಟ್ಟ ಕ್ಯಾಸೆಟ್ಟುಗಳ ಮೇಲೆ ಬಸ್ ಡ್ರೈವರುಗಳು ಚರ್ಚಿನ ಭಜನೆ ತುಂಬಿಸಿಕೊಂಡರು. ಅಲ್ಲಿಗೆ ತುಕ್ಕುನೀರು ಮುಗಿಯಿತು. ಉಳಿದದ್ದು ಒಂದೇ, ಮೂಲ ಟೇಪು. ಅದು ಒಟೆಂಗ್ ಹತ್ತಿರ.

ಆಮೇಲೆ ಗೊಸೆಗೊಳ ಗಂಟಲಲ್ಲಿ ಗಡ್ಡೆಯಾಯಿತು. ಕೊಯ್ದು ತೆಗೆದರು, ಜೀವ ಉಳಿಯಿತು, ದನಿ ಹೋಯಿತು. ಈಗ ಅವಳದು ಬರೀ ಪಿಸುಮಾತು. ಗಿರಾಕಿಗಳನ್ನು ಕರೆಯಬೇಕಾದರೆ ಬಾಣಲೆಗೆ ಸೌಟು ಬಡಿಯುತ್ತಾಳೆ. ಆಸ್ಪತ್ರೆಯಿಂದ ಬಂದ ದಿನ ಒಟೆಂಗ್ ಅವಳ ಕೈ ಹಿಡಿದುಕೊಂಡು ಹೇಳಿದ್ದ:

"ಅಳ್ಬೇಡ ಕಣೇ. ನಿನ್ನ ದನಿ ಎಲ್ಲೂ ಹೋಗಿಲ್ಲ. ನನ್ನ ಟ್ರಂಕಿನಲ್ಲಿದೆ."

ಆ ಮಾತು ಹಿಡಿದುಕೊಂಡೇ ಅವಳು ಇಷ್ಟು ವರ್ಷ ಬದುಕಿದ್ದು. ಒಟೆಂಗ್‌ಗಿಂತ ನಂಬಿಕೆಯ ಮನುಷ್ಯ ಅವಳಿಗೆ ಇರಲಿಲ್ಲ.

ಹೋದ ವರ್ಷ ಫಿನ್ಲೆಂಡಿನಿಂದ ಯಾರೋ ಒಬ್ಬ ಮೊದಿರಿಯನ್ನು ಹುಡುಕಿ ಹಿಡಿದ. ಯಾರೂ ಕೇಳದೆ ಮೂಲೆ ಸೇರಿದ ಮೆಟಲ್, ಪಂಕ್ ಕ್ಯಾಸೆಟ್ಟುಗಳನ್ನು ದೇಶ ದೇಶ ಜಾಲಾಡಿ ರೆಕಾರ್ಡು ಮಾಡಿ ಮಾರುವುದು ಅವನ ಕಸುಬು. ಒಂದು ಹಳೆ ಬಸ್ಸಿನಲ್ಲಿ ಸಿಕ್ಕ ಕ್ಯಾಸೆಟ್ಟಿನಲ್ಲಿ, ಭಜನೆ ಮುಗಿದ ಮೇಲೆ, ಅಳಿಸದೆ ಉಳಿದ ಗಿಟಾರು, ಪೀಪಾಯಿಯ ಚೂರೊಂದು ಅವನ ಕಿವಿಗೆ ಬಿದ್ದಿತ್ತಂತೆ. ಪೂರ್ತಿ ಇದೆಯಾ ಅಂತ ಕೇಳಿದ. ಗೊಸೆಗೊಗೆ ಸುದ್ದಿ ಗೊತ್ತಾಗಿ ಓಡಿದಳು.

"ಎಲ್ಲಾ ಹಾಳಾಗಿದೆ, ಕೊಡಕ್ಕೆ ಏನೂ ಇಲ್ಲ ಅಂದ್ಬಿಟ್ಟೆ," ಅಂದ ಮೊದಿರಿ.

"ಒಟೆಂಗ್ ಹತ್ರ ಇದೆಯಲ್ಲೋ."

"ಅದು ಬೂಷ್ಟು ಹಿಡಿದಿದೆಯಂತೆ."

ಅವಳು ಒಟೆಂಗ್‌ನನ್ನು ಕೇಳಿದಳು. ಅವನು ಬೇರೆ ಕಡೆ ನೋಡುತ್ತಾ, "ಇರ್ಲಿ ಬಿಡು, ಹುಷಾರಾದ ಮೇಲೆ ತೆಗೆದು ನೋಡ್ತೀನಿ," ಅಂದ. ಆಗಲೇ ಅವನಿಗೆ ಎದೆ ಕಾಯಿಲೆ. ಈ ವರ್ಷ ಈಸ್ಟರ್ ಕಳೆದ ಮೇಲೆ ಹೋಗಿಬಿಟ್ಟ.

ನಮ್ಮಲ್ಲಿ ಸತ್ತವರ ಕೋಣೆಗೆ ಬೀಗ ಬೀಳುತ್ತದೆ. ಬಟ್ಟೆಬರೆ ಯಾರೂ ಮುಟ್ಟುವಂತಿಲ್ಲ. ಸೂತಕ ಮುಗಿದ ದಿನ ಸೋದರಮಾವ ಬಂದು ಬೀಗ ತೆಗೆದು, ಎಲ್ಲವನ್ನೂ ಒಗೆಸಿ, ಹಂಚಬೇಕು. ಟೋಪಿ, ಕೋಟು ಮಾವನಿಗೇ. ಒಟೆಂಗ್‌ನ ಅಮ್ಮ ಗೊಸೆಗೊಗೆ ಮಾತು ಕೊಟ್ಟಿದ್ದಳು, "ಬಟ್ಟೆ ಯಾರಿಗಾದ್ರೂ ಹೋಗ್ಲಿ ಮಗಾ, ಆ ಟೇಪು ನಿಂದು."

ಒಗೆಯುವ ಶಾಸ್ತ್ರ ಮಾರನೆಯ ಬೆಳಗ್ಗೆ ಇತ್ತು. ನಾನು ಮೊದಲು ಹೇಳಿದ ಆ ರಾತ್ರಿ, ನದಿಯ ಮರಳಿನಲ್ಲಿ...

ಕರ್ರ್... ಸ್ಸರ್... ಚಿಣ್...

"ಗೊಸೆ..."

ತಿರುಗಲಿಲ್ಲ. ಸತ್ತವರು ಕರೆದರೆ ತಿರುಗಬಾರದು ಅಂತ ಅಜ್ಜಿ ಹೇಳಿಕೊಟ್ಟಿದ್ದಳು. ನಡೆಯುತ್ತಲೇ ಕೇಳಿದಳು.

"ಏನು?"

"ಚಳಿ."

"ಜಾಕೆಟ್ಟು ಕೋಣೇಲಿದೆ. ನಾಳೆ ನಿನ್ನ ಮಾವನಿಗೆ ಹೋಗತ್ತೆ."

"ಗೊತ್ತು... ನಾಳೆ ನೀನು ಬರ್ಬೇಡ."

"ಟೇಪಿಗೆ ಬರ್ತೀನಿ."

ಕರ್ರ್... ಸ್ಸರ್... ಹಿಂದೆ ಬಾವಿಯೊಳಗೆ ಮರಳು ಜಾರಿ ನೀರಿಗೆ ಬಿತ್ತು. ಪುಳಕ್.

"ಅದು ಅಲ್ಲಿಲ್ಲ."

ಗೊಸೆಗೊಳ ಕಾಲು ನಿಂತೇ ಹೋಯಿತು. ಹಿಂದಿನ ಬೂಟೂ ನಿಂತಿತು. ಕುತ್ತಿಗೆಯ ಹಿಂದೆ ತಣ್ಣನೆ ಗಾಳಿ... ಆದರೆ ಉಸಿರಿನ ಸದ್ದಿಲ್ಲ.

"ಮೊದಿರಿಗೆ ಕೊಟ್ಟೆ. ಹೋದ ಬೇಸಿಗೇಲಿ."

"ಯಾಕೋ?"

"ಫಿನ್ಲೆಂಡಿನವರು ಟಿಕೆಟ್ ಕಳಿಸ್ತಾರೆ ಅಂದ. ಅಲ್ಲಿಗೆ ಹೋಗಿ ಬಾರಿಸ್ಬಹುದು ಅಂದ. ಒಂದ್ಸಲ ವಿಮಾನ ಹತ್ಬೇಕು ಅಂತ... ಆಸೆ ಇತ್ತು."

"ನನ್ನ ದನಿ?"

ಮೊರುಲಾ ಮರದ ಒಣ ಕಡ್ಡಿ ಒಂದು ಮುರಿದು ಬಿತ್ತು. ಟಕ್.

"ಅದರ ಮೇಲೆ ಅವನು ಹಾಡಿದ."

"ನೀನೆಲ್ಲಿದ್ದೆ ಆಗ?"

"ಯಂತ್ರದ ಗುಂಡಿ ಒತ್ತಿದ್ದು ನಾನೇ, ಗೊಸೆ."

ಅವಳಿಗೆ ಒಂದು ಕ್ಷಣ ಅವನು ಸತ್ತವನು ಅನ್ನುವುದೇ ಮರೆತುಹೋಯಿತು. ತಿರುಗಿ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅಜ್ಜಿಯ ಮಾತು ಹಿಡಿದು ನಿಲ್ಲಿಸಿತು.

"ಕ್ಷಮಿಸ್ತೀಯಾ?"

ಕೆಮ್ಮು ಬಂತು. ಕೆಮ್ಮಿ, ಉಗುಳು ನುಂಗಿ ಹೇಳಿದಳು.

"ಇಲ್ಲ."

ದಂಡೆ ಹತ್ತಿದಳು. ಹಿಂದಿನಿಂದ ಬೂಟು ಹತ್ತಿ ಬರಲಿಲ್ಲ. ಮನೆಗೆ ಬಂದು ಅಗುಳಿ ಹಾಕಿ, ಬೆಳಗಿನ ತನಕ ಕೂತೇ ಇದ್ದಳು. ಇದನ್ನು ಯಾರಿಗೂ ಹೇಳಲಿಲ್ಲ. ಆಗ ನನಗೂ ಹೇಳಲಿಲ್ಲ.

ಬೆಳಗ್ಗೆ ಹೋದಳು, ಬೇಡ ಅಂದರೂ ಹೋದಳು. ಕನಸಾಗಿರಲಿ ಅಂತ ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ಅಂಗಳದಲ್ಲಿ ದೊಡ್ಡ ಬೋಗುಣಿಗಳು, ಅತ್ತೆಯರು ಬಟ್ಟೆ ಕುಕ್ಕುತ್ತಿದ್ದರು. ಸೋದರಮಾವ ಚರ್ಚಿನ ಹಿರಿಯ. ತಲೆಬುರುಡೆಯ ಬಿಲ್ಲೆ ಹೊಡೆದ ಜಾಕೆಟ್ಟನ್ನು ಹಿಡಿದುಕೊಂಡು, "ಇದನ್ನ ಹಾಕ್ಕೊಂಡು ಪ್ರಾರ್ಥನೆಗೆ ಹೋಗ್ಲಾ ನಾನು?" ಅಂತ ಪೇಚಾಡುತ್ತಿದ್ದ. "ಹಾಕ್ಕೊಳಪ್ಪಾ, ದೇವರಿಗೂ ಸ್ವಲ್ಪ ಹೆದರಿಕೆ ಇರ್ಲಿ," ಅಂದಳು ಒಬ್ಬ ಅತ್ತೆ. ಸಂಪ್ರದಾಯ ಸಂಪ್ರದಾಯವೇ, ಹಾಕಿಕೊಂಡ.

ಟ್ರಂಕು ತೆಗೆದರು. ಅಂಗಿ, ಸಾಕ್ಸು, ಡ್ರಮ್ಮಿನ ಕೋಲು. ಟೇಪು ಇರಲಿಲ್ಲ.

ಮೊದಿರಿ ಬೇಲಿಗೆ ಒರಗಿ ಚಹಾ ಕುಡಿಯುತ್ತಿದ್ದ. ಗೊಸೆಗೊ ಅವನ ಎದುರು ಹೋಗಿ ನಿಂತಳು.

"ನನ್ನ ದನಿ ಮೇಲೆ ಹಾಡಿದ್ದೀಯಾ."

"ಯಾರು ಹೇಳಿದ್ರು ನಿಂಗೆ? ನಂಗೂ ಒಟೆಂಗ್‌ಗೂ ಬಿಟ್ರೆ..." ಅಂದವನು ಅಲ್ಲಿಗೇ ನಿಲ್ಲಿಸಿದ. ಮಾತು ಬಾಯಿಂದ ಜಾರಿಬಿಟ್ಟಿತ್ತು.

"ಹೇಳು."

"ಕೇಳಿಲ್ಲಿ. ಅವರು ನಮ್ಮನ್ನ ಕರೆಸ್ಕೊಳ್ತಾರೆ ಕಣೇ. ಸ್ಟೇಜ್ ಮೇಲೆ ಹಾಡ್ಬೇಕು. ನೀನು ಹಾಡ್ತೀಯಾ? ಆಗತ್ತಾ ನಿನ್ ಕೈಲಿ?"

"ಅದಕ್ಕೆ ಅಳಿಸಿಬಿಟ್ಯಾ?"

"ಅಳಿಸ್ಲಿಲ್ಲ ಕಣೇ. ಆ ಮೆಷೀನಲ್ಲಿ ಹಾಡಿಗೆ ಬೇರೆ ಸಾಲು, ಗಿಟಾರಿಗೆ ಬೇರೆ ಸಾಲು. ಹಾಡಿನ ಸಾಲಿನಲ್ಲಿ ನಾನು ಹಾಡ್ದೆ. ಅಷ್ಟೇ."

"ಮೊದಲು ಒಂದು ಪ್ರತಿ ತೆಗೆದಿಟ್ಟಿದ್ರಾ?"

ಮೊದಿರಿ ಲೋಟದೊಳಗೆ ನೋಡಿದ.

"ಆತುರದಲ್ಲಿ... ಹೊಳೀಲಿಲ್ಲ."

"ನನ್ನ ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ನೀನು ಕೊಡ್ತಿರ್ಲಿಲ್ಲ."

"ಹೌದು. ಕೊಡ್ತಿರ್ಲಿಲ್ಲ."

ಮೊದಿರಿ ಮೊದಲಿನಿಂದಲೂ ತನ್ನ ಬೇಳೆ ಬೇಯಿಸಿಕೊಳ್ಳುವವನೇ, ಅವನಿಂದ ಅವಳಿಗೆ ಅಷ್ಟು ಸಂಕಟವಾಗಲಿಲ್ಲ. ಒಟೆಂಗ್... ಕೈ ಹಿಡಿದು ಮಾತು ಕೊಟ್ಟವನು, ಅದೇ ಕೈಯಿಂದ ಗುಂಡಿ ಒತ್ತಿದನಲ್ಲ. ಅವನ ಹೆಣದ ಮುಂದೆ ಬಿದ್ದು ಬಿದ್ದು ಅತ್ತಿದ್ದನ್ನು ನೆನೆದು ಅವಳಿಗೆ ಮೈಯೆಲ್ಲ ಉರಿಯಿತು. ಆ ಕಣ್ಣೀರನ್ನಾದರೂ ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ಅನ್ನಿಸಿತು.

ಸೆಪ್ಟೆಂಬರಿನಲ್ಲಿ ರೆಕಾರ್ಡು ಬಂತು, ಮುಳ್ಳಿಟ್ಟು ತಿರುಗಿಸುವ ಹಳೇ ಕಾಲದ ಕರಿ ತಟ್ಟೆ. ಕಸಾಯಿ ಅಂಗಡಿಯ ಹಿಂದಿನ ಬಾರಿನಲ್ಲಿ ಜಾಕೆಟ್ಟಿನವರೆಲ್ಲ ಸೇರಿದರು. ನಾನೂ ಇದ್ದೆ. ಗೊಸೆಗೊಳನ್ನು ಯಾರೂ ಕರೆದಿರಲಿಲ್ಲ. ಬಂದು ಬಾಗಿಲಾಚೆ ಬಿಯರ್ ಕ್ರೇಟಿನ ಮೇಲೆ ಕೂತಳು. ಹಿಂಬದಿಯ ರಟ್ಟಿನ ಮೇಲೆ ಎರಡೇ ಹೆಸರು, ಮೊದಿರಿ, ಒಟೆಂಗ್. ಟ್ಯಾಂಕಿನ ಆ ಪೀಪಾಯಿ, ಆ ಗಿಟಾರು, ಎಲ್ಲ ಹಾಗೇ ಇತ್ತು. ಮೇಲೆ ಮೊದಿರಿಯ ಗಂಟಲು, ಗದರುವ ಹೋತದ ಹಾಗೆ. ಜನ ಮೇಜು ಬಡಿದರು. ಮೊದಿರಿ ಎಲ್ಲರಿಗೂ ಬಿಯರ್ ಕುಡಿಸಿದ.

ಕೊನೆಯ ಹಾಡು ಮುಗಿಯಿತು. ಮುಳ್ಳು ಇನ್ನೂ ಓಡುತ್ತಿತ್ತು. ಚರಚರ ಅಂತ ಬರೀ ಗೀರಿನ ಸದ್ದು. ಮೊದಿರಿ ಎತ್ತಲು ಕೈ ಚಾಚಿದ.

ಕರ್ರ್... ಸ್ಸರ್... ಚಿಣ್...

ಕೈ ಅಲ್ಲೇ ನಿಂತಿತು. ಮರಳಿನಲ್ಲಿ ಯಾರೋ ನಡೆಯುವ ಸದ್ದು. ಒಬ್ಬರಲ್ಲ, ಇಬ್ಬರು. ಗಂಡಸೊಬ್ಬ ಏನೋ ಪಿಸುಗುಟ್ಟಿದ, ಮಾತು ತಿಳಿಯಲಿಲ್ಲ. ಆಮೇಲೆ ಹೆಂಗಸಿನ ಕೆಮ್ಮು. ಗಂಟಲು ಕೊಯ್ಸಿಕೊಂಡವರು ಕೆಮ್ಮುತ್ತಾರಲ್ಲ, ಆ ಕೆಮ್ಮು. ಆಮೇಲೆ ಒಂದೇ ಮಾತು, ನಾವು ದಿನಾ ಕೇಳುವ ಅದೇ ಪಿಸುದನಿಯಲ್ಲಿ.

"ಇಲ್ಲ."

ಬಾರಿನಲ್ಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದೆವು. ಗೊಸೆಗೊ ಎದ್ದು ನಿಂತಿದ್ದಳು. ಮೊದಿರಿ ಮುಳ್ಳನ್ನು ಹಿಂದಕ್ಕಿಟ್ಟು ಮತ್ತೆ ಹಾಕಿದ, ಅದೇ ಬಂತು. ಇನ್ನೊಂದು ರೆಕಾರ್ಡು ಬಿಚ್ಚಿ ಹಾಕಿದ, ಅದರಲ್ಲೂ ಬಂತು. ಫಿನ್ಲೆಂಡಿನವನಿಗೆ ಫೋನು ಹಚ್ಚಿದ. ಎಲ್ಲಾ ಪ್ರತಿಗಳಲ್ಲೂ ಇದೆಯಂತೆ. ಇಡೀ ರೆಕಾರ್ಡಿನಲ್ಲಿ ಅದೇ ಚೆನ್ನಾಗಿದೆ, ಆ ಹೆಂಗಸು ಯಾರು, ಹೆಸರು ಯಾಕೆ ಹಾಕಿಲ್ಲ ಅಂತ ಅಲ್ಲಿಯವರು ಕೇಳುತ್ತಿದ್ದಾರಂತೆ. ಮೊದಿರಿ ಏನು ಹೇಳಿದನೋ ಗೊತ್ತಿಲ್ಲ. ಅವನು ಮಾತ್ರ ಆ ದೇಶಕ್ಕೆ ಹೋಗಲಿಲ್ಲ.

ಆ ರಾತ್ರಿ ಬಾರಿನಿಂದ ವಾಪಸು ಬರುವಾಗಲೇ ಗೊಸೆಗೊ ನನಗೆ ಎಲ್ಲ ಹೇಳಿದ್ದು. ಟೇಪು ಇಲ್ಲಿಂದ ಹೋದದ್ದು ಒಟೆಂಗ್ ಉಸಿರಾಡುತ್ತಿದ್ದಾಗ. ಅವಳು ನದಿಯಲ್ಲಿ ನಡೆದದ್ದು ಅವನನ್ನು ಹೂತಾದ ಮೇಲೆ. ಆ ರಾತ್ರಿಯ ಸದ್ದು ರೆಕಾರ್ಡಿಗೆ ಹೇಗೆ ಸೇರಿತು ಅಂತ ನನ್ನನ್ನು ಕೇಳಬೇಡಿ. ನನ್ನ ಎರಡು ಕಿವಿಯಿಂದ ಕೇಳಿದ್ದೇನೆ, ಬಾರಿನ ತುಂಬ ಜನ ಕೇಳಿದ್ದಾರೆ.

ಇನ್ನೊಂದಿದೆ. ರೆಕಾರ್ಡಿನ ಕೊನೆಯ ಗೀರು ಮುಚ್ಚಿದ ಸುತ್ತು. ಮುಳ್ಳು ಅಲ್ಲಿಗೆ ಬಂದರೆ ಮುಂದೆ ದಾರಿಯಿಲ್ಲ, ಯಾರಾದರೂ ಎತ್ತುವ ತನಕ ಅಲ್ಲೇ ತಿರುಗುತ್ತಿರುತ್ತದೆ. ಅವಳ "ಇಲ್ಲ" ಆದ ಮೇಲೆ ಆ ಸುತ್ತಿನಲ್ಲಿ ಇರುವುದು ಬೂಟಿನ ಸದ್ದು ಮಾತ್ರ. ಒಬ್ಬನದೇ. ದಂಡೆ ಹತ್ತದೆ ಮರಳಿನಲ್ಲೇ ನಡೆಯುತ್ತಿರುತ್ತಾನೆ. ಒಟೆಂಗ್‌ನ ಅಮ್ಮ ಒಂದು ರೆಕಾರ್ಡನ್ನು ತಂದು ಗೊಸೆಗೊಳ ಕೈಗಿಟ್ಟಳು. ಕೆಲವು ರಾತ್ರಿ ಗೊಸೆಗೊ ಅದನ್ನು ಹಾಕುತ್ತಾಳೆ. ಹಾಕಿ, ದೀಪ ಆರಿಸಿ, ಮಲಗಿಬಿಡುತ್ತಾಳೆ. ಮುಳ್ಳು ಎತ್ತುವುದಿಲ್ಲ.