ಮಾನ್ಯಾ, ಪಾಟಿ ತಗೋ

ಹಲೋ… ಹಾಂ, ಕೇಳಸ್ತೈತ್ರಿ. ಫಸ್ಟ್ ಬಂದಾಳಾ? ಯಾರು ಫಸ್ಟ್ ಬಂದಾಳ್ರೀ? ಮೊದಲ ನೀವು ಯಾರ ಮಾತಾಡಾಕತ್ತೀರಿ ಹೇಳ್ರಿ…

ಯವ್ವಾ, ಸುಮಂಗಲಾ ಅಕ್ಕೋರಾ! ನಾಸಿಕ ಸಾಲಿ ಅಕ್ಕೋರ ಅಲ್ರೀ? ದಿನಾ ಫೋನಿನ್ಯಾಗ ನಿಮ್ಮ ಪಾಠ ಕೇಳ್ತೀವಿ, ಆದ್ರೂ ದನಿ ಗುರ್ತ ಸಿಗಲಿಲ್ಲ ನೋಡ್ರಿ. ಪಾಠದಾಗ ಸಣ್ಣಗ ಬರ್ತೈತಿ, ಈಗ ದಪ್ಪ ಆಗೇತಿ. ನೆಗಡಿ ಏನ್ರೀ?… ಹೂಂ, ನಾ ಚನಬಸವ್ವನ ರೀ. ಮಾನ್ಯಾನ ಅವ್ವ…

ಅದೀವ್ರಿ, ಆರಾಮ ಅದೀವಿ… ಇಲ್ಲೇ, ಸಂಭಾಜಿನಗರದಾಗ. ಊರ ಹೊರಗ ಹನ್ನೊಂದು ಮಜಲಿ ಬಿಲ್ಡಿಂಗ ಕಟ್ಟಾಕತ್ತಾರ, ಅದರ ಬಾಜೂಕ ಪತ್ರಾಶೆಡ್ಡಿನಾಗ. ನಮ್ಮವರು ಮ್ಯಾಲ ಪ್ಲಾಸ್ಟರ್ ಮಾಡ್ತಾರ, ನಾ ಕೆಳಗ ಉಸುಕ ಸಾಣಸ್ತೀನಿ. ಈಗ ಊಟಕ್ಕ ಬಿಟ್ಟಾರ. ನಿಮ್ಮದು ಊಟ ಆತೇನ್ರಿ?…

ಆಕೀನಾ?… ಆಕಿ ಇಲ್ಲಿಲ್ರಿ. ಅಂದ್ರ… ನೀರಿಗೆ ಹೋಗ್ಯಾಳ. ಏನ ಹೇಳೂದಿದ್ರೂ ನನಗ ಹೇಳ್ರಿ…

ಆ ದೊಡ್ಡ ಟೀವಿ ಪರದೆ ಮ್ಯಾಲಾ? ಪಾಟಿ ಫೋಟೋ ಎಲ್ಲಾ ಹುಡುಗರಿಗೂ ತೋರಿಸಿದ್ರಾ?… ಚಪ್ಪಾಳಿ ಹೊಡದ್ರಾ?… ಅಕ್ಷರ ದೊಡ್ಡವ ಆಗ್ಯಾವಾ? ಆಗಿರಬೇಕ್ರಿ. ಬಳಪ ದಪ್ಪಂದೈತಿ…

ನನ್ನ ಕೇಳ್ತೀರಾ, ದನಿ ಚೊಲೋನೋ ವಿಡಿಯೋ ಚೊಲೋನೋ ಅಂತ? ಸಿಟ್ಟ ಆಗಬ್ಯಾಡ್ರಿ, ಖರೇ ಹೇಳ್ತೀನಿ. ಆ ವಿಡಿಯೋದಾಗ ಮೊಲ ಕುಣೀತೈತಿ. ಹುಡುಗರು ಮೊಲಾ ನೋಡ್ತಾವ, ಲೆಕ್ಕಾ ಯಾರ ನೋಡ್ತಾರ? ಮುಂಜಾನೆ ಹಾಕಿದ ನೆಟ್ಟು ಮಧ್ಯಾಹ್ನಕ್ಕ ಖಾಲಿ. ನಿಮ್ಮ ದನಿ ಆದ್ರ ಎರಡ ಮಿನಿಟಿಂದು. ಮೊದಲ ಕನ್ನಡದಾಗ ಹೇಳ್ತೀರಿ, ಆಮ್ಯಾಲ ಅದನ್ನ ಮರಾಠಿಯೊಳಗ ಹೇಳ್ತೀರಿ. ರೊಟ್ಟಿ ಬಡ್ಕೊಂತ ಕೇಳಬಹುದು. ತಿಳೀಲಿಲ್ಲಂದ್ರ ಮತ್ತ ಒತ್ತಬಹುದು. ಐದ ಸಲ ಒತ್ತಿದ್ರೂ ನೀವು ಅಷ್ಟ ಸಮಾಧಾನದಿಂದ ಹೇಳ್ತೀರಿ. ಸಾಲ್ಯಾಗ ಐದ ಸಲ ಕೇಳಿದ್ರ ಹೇಳ್ತಿದ್ರೇನ್ರಿ?… ನಗ್ರಿ, ನಗ್ರಿ…

ಯಾರು, ಪಾಠ ಕೇಳೂದು ನಾನಾ? ಇಲ್ರೀ. ಅದು… ಶೆಡ್ಡ ಸಣ್ಣದೈತಿ, ಎಲ್ಲಾರ ಕಿವಿಗೂ ಬೀಳ್ತೈತಿ…

ಶನಿವಾರಾ? ಯಾರ ಬರ್ತಾರ್ರೀ?… ಶಿಕ್ಷಣ ಆಫೀಸಿನವರು. ಬಂದು?… ಮಾನ್ಯಾನ ವಿಡಿಯೋ ಕಾಲ್‌ನ್ಯಾಗ ಕೂಡಸಬೇಕಾ? ‘ಊರು ಬಿಟ್ಟ ಹ್ವಾದ ಹುಡುಗೀನೂ ಫೋನಿನ ಮ್ಯಾಲ ಕಲೀತಾಳ’ ಅಂತ ಅವರಿಗೆ ತೋರಸ್ತೀರಿ. ಹಾಂ… ಶನಿವಾರ ಆಗೂದಿಲ್ರಿ ಅಕ್ಕೋರ… ಐದ ಮಿನಿಟೂ ಆಗೂದಿಲ್ಲ… ಸೋಮವಾರ ಇಟ್ಟರೂ ಆಗೂದಿಲ್ರಿ…

ಯಾವ ಲೆಕ್ಕ?… ಹನ್ನೆರಡು ರೊಟ್ಟಿದಾ? ‘ನಿಮ್ಮ ಮನ್ಯಾಗ ಎಷ್ಟ ಮಂದಿ ಎಣಸ್ರಿ, ಹನ್ನೆರಡು ರೊಟ್ಟಿ ಸಮ ಹಂಚರಿ’ ಅಂದಿದ್ರಿ. ಹಂಚೀನಲ್ರಿ. ಮೂರ ಮಂದಿ, ತಲೀಗೆ ನಾಕ. ತಪ್ಪೈತೇನ್ರಿ?… ಸರಿ ಐತಲ್ಲ ಮತ್ತ… ನಾಸಿಕದಾಗ ಇದ್ದಾಗ ನಾಕ ಮಂದಿ ಅಂತ ಬರದಿದ್ಳಾ? ಹೌದ್ರಿ, ಆವಾಗ ನಾಕ ಮಂದಿ ಇದ್ವಿ… ಇಲ್ಲ, ಯಾರೂ ಊರಿಗೆ ಹೋಗಿಲ್ಲ. ನಮ್ಮವರು ಅದಾರ, ನಾ ಅದೀನಿ, ಸಣ್ಣಾಕಿ ಅದಾಳ…

ಅಕ್ಕೋರ, ಮಾನ್ಯಾ ಇಲ್ರಿ…

ನೀರಿಗಲ್ರಿ. ನೀರಿಗೆ ಹೋಗ್ಯಾಳಂದದ್ದು ಸುಳ್ಳ. ಮಾನ್ಯಾ ತೀರಿಕೊಂಡ್ಳು…

ದೀಪಾವಳಿ ಆದ ಮ್ಯಾಲ ನಾಸಿಕ ಬಿಟ್ಟಿವಲ್ರಿ, ಆವತ್ತ ಜ್ವರ ಬಂತು. ಬಸ್ಸಿನ್ಯಾಗ ಬರುವಾಗ ಯೇವಲಾ ತನಕ ಮಾತಾಡಕೋತ ಬಂದ್ಳು. ಆಮ್ಯಾಲ ತಲಿ ನೋಯ್ತೈತಿ ಅಂದ್ಳು. ಮೈ ಮುಟ್ಟಿದ್ರ ಹಂಚಾಗಿತ್ತು. ವೈಜಾಪುರದಾಗ ಇಳಿದು ದವಾಖಾನಿಗೆ ಒಯ್ದ್ವಿ. ಡಾಕ್ಟರ್ ಪಾಪ ಏನೇನೋ ಮಾಡಿದ್ರು. ಮೂರನೇ ದಿನಾ ಮುಂಜಾನಿ ಹ್ವಾದಳು. ಊರಿಗೆ ಒಯ್ಯಾಕ ಆಗಲಿಲ್ಲ. ಅಲ್ಲೇ ಮಣ್ಣ ಮಾಡಿ ಈ ಕಡೆ ಬಂದ್ವಿ… ಐದ ವಾರ ಆದ್ವು…

ಮತ್ತ ಪಾಟಿ ಮ್ಯಾಲ ಬರದವರು ಯಾರು ಅಂತೀರಾ? ನೀನ ಏನು ಅಂತೀರಾ?…

ಹೌದ್ರಿ. ನಾನ ಮಾಡೇನಿ. ಎಲ್ಲಾ ಲೆಕ್ಕಾ ನಾನ ಮಾಡೇನಿ. ಮೂರನೇತ್ತ ತನಕ ಸಾಲಿ ಕಲತಾಕಿ ನಾ. ಭಾಗಾಕಾರ ಬರ್ತಿರಲಿಲ್ಲ, ನಿಮ್ಮ ಪಾಠ ಕೇಳಿ ಕಲ್ತೆ… ಸುಳ್ಳ ಹೇಳಬೇಕಂತ ಮಾಡಲಿಲ್ರಿ. ಮಣ್ಣ ಮಾಡಿ ಬಂದ ದಿನಾನೂ ನಿಮ್ಮ ಪಾಠ ಬಂದಿತ್ತು. ಒತ್ತಿದೆ. ‘ಮಾನ್ಯಾ, ಪಾಟಿ ತಗೋ’ ಅಂತ ಅಂತು. ಚೀಲದಾಗಿಂದ ಪಾಟಿ ತಗೊಂಡೆ. ‘ಬರಿ’ ಅಂತು, ಬರದೆ. ‘ಫೋಟೋ ಕಳಸು’ ಅಂತು, ಕಳಿಸಿದೆ. ಮರುದಿನ ‘ಶಾಬಾಸ್ ಮಾನ್ಯಾ’ ಅಂತ ಬಂತು. ಅಷ್ಟ ರೀ. ಹಿಂಗ ದಿನಾ ಆತು…

ಅಳೂ ಬರಲಿಲ್ರಿ. ಇನ್ನೂ ಬಂದಿಲ್ಲ. ಕೈ ಉಸುಕ ಸಾಣಸ್ತೈತಿ, ಹೊಟ್ಟಿ ಉಣ್ಣತೈತಿ. ಬಾಜೂ ಶೆಡ್ಡಿನಾಕಿ ಅಂತಾಳ, ‘ಏನ ಬೇ ಚನಬಸೀ, ಕಲೆಕ್ಟರ್ ಆಗಾಕಿ ಇದ್ದೀಯೇನು?’ ಅಂತ. ಹೂಂ ಬೇ, ಕಲೆಕ್ಟರ್ ಆಗಿ ಮೊದಲ ನಿನ್ನ ಶೆಡ್ಡ ಕೆಡವಸ್ತೀನಿ ಅಂದೆ. ನಕ್ಕಳು. ನಾನೂ ನಕ್ಕೆ. ಒಳಗ ಏನೂ ಆಗೂದಿಲ್ರಿ…

ನಮ್ಮವರಿಗಾ? ಗೊತ್ತೈತಿ. ಒಂದ ಸಂಜೀಕ ನೋಡಿದ್ರು. ಪಾಟಿ ನೋಡಿದ್ರು, ನನ್ನ ನೋಡಿದ್ರು. ಬಳಪ ಮೊಂಡ ಆಗಿತ್ತು, ಕಲ್ಲಿಗೆ ತಿಕ್ಕಿ ಚೂಪ ಮಾಡಿ ಕೊಟ್ಟರು. ಆಕಿ ಹೆಸರ ಅವರ ಬಾಯಾಗ ಬರೂದಿಲ್ಲ ಈಗ. ನನ್ನ ಬಾಯಾಗೂ ಬರೂದಿಲ್ಲ. ನಿಮ್ಮ ಜೋಡಿ ಇವತ್ತ ಎಷ್ಟ ಸಲ ಅಂದೆ ನೋಡ್ರಿ…

ಸಾಲಿ ಪಟ್ಟಿಯಾಗಿಂದ ಆಕಿ ಹೆಸರ ತಗೀಬೇಕಾ?… ಹಾಂ. ಫೋಟೋ ಬಂದ್ರ ಆ್ಯಪ್‌ನ್ಯಾಗ ತಾನ ಹಾಜರಿ ಬೀಳ್ತೈತಿ. ಇಲ್ಲದ ಹುಡುಗಿಗೆ ಹಾಜರಿ ಬಿದ್ರ ನಿಮಗ ಕೇಳ್ತಾರ. ತಿಳೀತ್ರಿ, ನಿಮ್ಮ ನೌಕರಿ ಪ್ರಶ್ನೆ. ತಗೀರಿ… ತಗದ ಮ್ಯಾಲ ಪಾಠ ಬರೂದಿಲ್ಲೇನ್ರಿ?…

ಬ್ಯಾರೆ ಕಳಸ್ತೀರಾ? ನಿಮ್ಮ ಸ್ವಂತ ಫೋನಿನಿಂದ, ನನಗಂತಲೇ? ನಿಮ್ಮ ಮನಸ್ಸ ದೊಡ್ಡದ್ರಿ… ಅದರಾಗ ಏನಂತ ಕರೀತೀರಿ?… ‘ಚನಬಸವ್ವಾ’ ಅಂತ…

ಬ್ಯಾಡ್ರಿ. ನನ್ನ ಹೆಸರ ಕರ್ಯಾಕ ಕೆಲಸಕ್ಕ ಹಚ್ಚೂ ಮುಕಾದಮ ಮಹಿಬೂಬ ಅದಾನ. ದಿನಕ್ಕ ಇಪ್ಪತ್ತ ಸಲ ಕರೀತಾನ, ಹನ್ನೊಂದನೇ ಮಜಲಿಗೂ ಕೇಳಸ್ತೈತಿ. ಆಕಿ ಹೆಸರ ಹಿಡದ ಕರಿಯೂದು ಈಗ ನೀವೊಬ್ಬರ ಅಕ್ಕೋರ. ಹುಡುಗರು ಎಷ್ಟ ಅದಾವೋ ಅಷ್ಟೂ ಹೆಸರ ಬ್ಯಾರೆ ಬ್ಯಾರೆ ಹೇಳಿ ಫೋನಿನ್ಯಾಗ ಪಾಠ ತುಂಬತೀರಲ್ಲ, ಎಷ್ಟ ತ್ರಾಸ ತಗೋತೀರಿ. ಅದಕ್ಕ ಹುಡುಗರು ಕೇಳ್ತಾವ. ನನ್ನನ್ನ ಕರದ್ರು ಅಂತ ತಿಳ್ಕೊಂಡು ಕೇಳ್ತಾವ…

ಇಲ್ಲ, ನಿಮ್ಮದೇನ ತಪ್ಪಿಲ್ರಿ. ಒಬ್ಬೊಬ್ಬರ ಹೆಸರು ದಿನಾ ತುಂಬೂದು ನೀವ, ಆಕಿದೂ ಒಂದ ತುಂಬಿದ್ರಿ. ಯಾರರ ಫೋನ್ ಮಾಡಿ ಇಲ್ಲಾ ಅಂತ ಹೇಳಬೇಕಿತ್ತು. ನಾ ಹೇಳಲಿಲ್ಲ…

ನನ್ನ ಫೋನಿಗೆ ಬರ್ತೈತಾ? ಒಟಿಪಿ. ಆರು ಅಂಕಿ, ಅದನ್ನ ನಿಮಗ ಓದಿ ಹೇಳಬೇಕು. ಹೇಳಿದ್ರನ ಹೆಸರ ಹೋಗೂದು… ಹತ್ತ ಮಿನಿಟಿನ್ಯಾಗ. ಹಾಂ… ಆಮ್ಯಾಲ ಅದು ನಡಿಯೂದಿಲ್ಲಾ… ಇವತ್ತ ಕಡೀ ದಿನಾ ಏನ್ರಿ? ಸಂಜೀಕ ಪಟ್ಟಿ ಮುಚ್ಚತಾರಾ? ಮತ್ತ ತಗಿಯೂದು ಮುಂದಿನ ತಿಂಗಳಾ… ಹೂಂ. ಕಳಸ್ರಿ…

ಬಂತ್ರಿ, ಟಣ್ ಅಂತು. ಫೋನ ಇಡಬ್ಯಾಡ್ರಿ, ನೋಡ್ತೀನಿ. ಮರಾಠಿಯೊಳಗೈತಿ… ನಮ್ಮವರನ್ನ್ಯಾಕ ಕರೀಲಿ, ನಾನ ಓದ್ತೀನಿ. ‘ವಿದ್ಯಾರ್ಥಿನೀಚೇ ನಾವ, ಮಾನ್ಯಾ.’ ಆಕಿ ಹೆಸರನ ಐತಿ. ಆಮ್ಯಾಲ ಅಂಕಿ. ಹೇಳಲ್ರೀ?…

ನಾಕು… ಒಂಬತ್ತು… ಬರಕೊಂಡ್ರಾ? ಸೊನ್ನಿ… ಏಳು…

ಅಳಬ್ಯಾಡ್ರಿ ಅಕ್ಕೋರ. ನೀವು ಅತ್ತರ ನನಗ ಅಂಕಿ ತಪ್ಪತಾವ… ಇಲ್ರಿ, ಸಿಟ್ಟಿಲ್ಲ. ಇನ್ನ ಎರಡ ಅದಾವು… ಹಲೋ? ನಿಮ್ಮ ದನಿ ಕಡಕಡದ ಬರಾಕತ್ತೈತಿ… ಏನಂದ್ರಿ? ಹಲೋ?… ಅಕ್ಕೋರ?…

ಲೈನು ಕಡಿದುಹೋಯಿತು. ಉಳಿದವರು ಇನ್ನೂ ಊಟ ಮಾಡುತ್ತಿದ್ದರು. ಚನಬಸವ್ವ ಫೋನನ್ನು ಇಟ್ಟಿಗೆಯೊಂದರ ಮೇಲೆ ಅಂಗಾತ ಇಟ್ಟು, ಜರಡಿ ಎತ್ತಿಕೊಂಡು ಉಸುಕು ಸಾಣಿಸತೊಡಗಿದಳು. ಫೋನು ರಿಂಗಾಯಿತು, ನಿಂತಿತು. ಮತ್ತೆ ರಿಂಗಾಯಿತು. ಅವಳು ಎತ್ತಲಿಲ್ಲ. ಪರದೆಯ ಮೇಲಿನ ಗಡಿಯಾರದಲ್ಲಿ ಒಟಿಪಿ ಬಂದು ಹತ್ತು ನಿಮಿಷ ದಾಟಿ ಹನ್ನೊಂದನೆಯದು ಮೂಡಿದಾಗ ಕೈ ಒರೆಸಿಕೊಂಡು ಫೋನು ಎತ್ತಿಕೊಂಡಳು, ಸೆರಗಿನಲ್ಲಿ ಗಂಟು ಹಾಕಿಕೊಂಡಳು.